ಬೆಚ್ಚಗಿನ ಕಾಲು

ಮಹಾಂತೇಶನ ಬಲಮಂಡಿಯ ಹಿಂದೆ ನಿಂಬೆಹಣ್ಣಿನಷ್ಟು ಗಂಟಿರುವುದು, ಅದು ಕಪ್ಪೆಯ ಗಂಟಲಿನಂತೆ ಮಿಡಿಯುವುದು ಶಿಲ್ಪಾಗೆ ಎರಡು ವರ್ಷದಿಂದ ಗೊತ್ತಿತ್ತು. ಗಂಡನ ಮುಖಕ್ಕಿಂತ ಆ ಕಾಲನ್ನೇ ಅವಳು ಹೆಚ್ಚು ಗಮನಿಸುತ್ತಿದ್ದಳು. ಅದು ಯಾವಾಗ ಮೇಲೇಳುವುದೋ ಹೇಳುವಂತಿರಲಿಲ್ಲ. ಒಮ್ಮೆ ಒದ್ದು ಅವಳ ಮಣಿಕಟ್ಟು ಮುರಿದಾಗ, ಚಳ್ಳಕೆರೆಯ ಆಸ್ಪತ್ರೆಯ ಬಾಗಿಲಲ್ಲಿ ಅತ್ತೆ ತಿಪ್ಪೇರುದ್ರಮ್ಮ, ಬಚ್ಚಲಲ್ಲಿ ಜಾರಿದೆ ಅನ್ನು ಎಂದಿದ್ದರು. ಶಿಲ್ಪಾ ಹಾಗೇ ಅಂದಿದ್ದಳು. ಬಾಯಿ ಬಿಗಿಯಿರುವ ಸೊಸೆ ಎಂದು ಅತ್ತೆ ಆಮೇಲೆ ಹೊಗಳಿದ್ದರು.

ಮಂಗಳವಾರ ಬೆಳಿಗ್ಗೆ, ಮೊಳಕಾಲ್ಮೂರಿನ ತನ್ನ ಸೀರೆ ಅಂಗಡಿಯಲ್ಲಿ ಕೂತಿದ್ದಾಗಲೇ ಮಹಾಂತೇಶನ ಪಾದ ಹಸಿಮಣ್ಣಿನಂತೆ ತಣ್ಣಗಾಯಿತು. ಕಾರು ರಾಂಪುರ ದಾಟಿ ಬಳ್ಳಾರಿ ಸೇರುವಷ್ಟರಲ್ಲಿ ಬೆರಳುಗಳು ನೀಲಿಗಟ್ಟಿದ್ದವು.

ಡಾಕ್ಟರ್ ಬಿಡಿಸಿ ಹೇಳಿದರು. ಮಂಡಿಯ ಹಿಂದೆ ಉಬ್ಬಿದ್ದ ರಕ್ತನಾಳದೊಳಗೆ ರಕ್ತ ಹೆಪ್ಪುಗಟ್ಟಿದೆ, ಕೆಳಗಿನ ನಾಳಗಳೂ ಕಟ್ಟಿವೆ. ಕೊಳವೆ ತೂರಿಸಿ, ಹೆಪ್ಪು ಕರಗಿಸುವ ಔಷಧಿಯನ್ನು ನಾಳೆಯವರೆಗೂ ಹನಿಸಬೇಕು. ದಾರಿ ತೆರೆದರೆ ಆಮೇಲೆ ಆಪರೇಷನ್. ಇಲ್ಲದಿದ್ದರೆ ಕಾಲು ತೆಗೆಯಬೇಕಾಗುತ್ತದೆ. ಆದರೆ ಈಚೆಗೆ ಹೊಟ್ಟೆಯಲ್ಲಿ ರಕ್ತ ಒಸರಿದ್ದರೆ ಈ ಔಷಧಿ ಕೊಡುವಂತಿಲ್ಲ. ಮತ್ತೆ ಒಸರಿದರೆ ಜೀವವೇ ಹೋದೀತು.

"ರಕ್ತ ವಾಂತಿ ಏನಾದ್ರೂ ಆಗಿತ್ತಾ? ಕುಡೀತಾರಾ?"

"ನಮ್ಮನೇಲಿ ಅದೆಲ್ಲ ಇಲ್ರಿ. ಕೊಳ್ಳಾಗೆ ಲಿಂಗ ಐತೆ ಅವನಿಗೆ," ಎಂದರು ತಿಪ್ಪೇರುದ್ರಮ್ಮ.

ಮಹಾಂತೇಶನೂ ಹಲ್ಲು ಕಚ್ಚಿಕೊಂಡು ಇಲ್ಲವೆಂದು ತಲೆಯಾಡಿಸಿದ. ಡಾಕ್ಟರ್ ಶಿಲ್ಪಾಳ ಕಡೆ ತಿರುಗಿದರು.

ಒಂಬತ್ತು ದಿನದ ಹಿಂದೆ ಅವನು ಬಚ್ಚಲಲ್ಲಿ ಕಾರಿದ್ದ ಕಪ್ಪು ರಕ್ತಕ್ಕೆ ಎರಡು ಕೊಡ ನೀರು ಹೊಯ್ದು ತೊಳೆದವಳು ಅವಳೇ. ಅವ್ವಗೆ ಹೇಳಿದ್ರೆ ನಿನ್ನ ಹಲ್ಲು ಇರಲ್ಲ ಎಂದು ಅವನು ಗೋಡೆ ಹಿಡಿದುಕೊಂಡೇ ಹೇಳಿದ್ದ. ಈಗ ಮಂಚದ ಮೇಲಿಂದ ಅದೇ ಕಣ್ಣಿನಿಂದ ನೋಡಿದ. ಕುಡಿತದ ಮಾತು ಹೊರಬೀಳದಿರಲೆಂದು ಅತ್ತೆ ಅವಳ ಮೊಣಕೈ ಚಿವುಟಿದರು.

ನಿಜ ಹೇಳಿದರೆ ಕಾಲು ಹೋಗುತ್ತದೆ, ಅವನು ಉಳಿಯುತ್ತಾನೆ. ಶಿಲ್ಪಾ ಅಷ್ಟನ್ನು ಸರಿಯಾಗಿ ಯೋಚಿಸಿದಳು. ಅವಸರ ಮಾಡಲಿಲ್ಲ.

"ಏನೂ ಆಗಿಲ್ಲ ಸರ್."

ಮರುದಿನ ಬೆಳಿಗ್ಗೆ ಪಾದಕ್ಕೆ ಬಣ್ಣ ಬಂತು. ನಾಡಿ ಸಿಕ್ಕಿತೆಂದ ನರ್ಸ್‌ಗೆ ಅತ್ತೆ ಕೈ ಮುಗಿದರು. ಹನ್ನೊಂದಕ್ಕೆ ಮಹಾಂತೇಶ ರಕ್ತ ಕಾರಿದ. ಔಷಧಿ ನಿಲ್ಲಿಸಿದರು, ಬಾಟಲಿಗಟ್ಟಲೆ ರಕ್ತ ಏರಿಸಿದರು. ಎರಡು ಗಂಟೆಗೆ ಹೊರಬಂದ ಡಾಕ್ಟರ್, ಉಳಿಸಿಕೊಳ್ಳಲಾಗಲಿಲ್ಲ ಎಂದರು. ಮೊದಲು ರಕ್ತ ವಾಂತಿ ಆಗಿರಲೇ ಇಲ್ಲವಾ ಎಂದು ಮತ್ತೊಮ್ಮೆ ಕೇಳಿದರು. ತಿಪ್ಪೇರುದ್ರಮ್ಮ ಲಿಂಗ ಮುಟ್ಟಿ ಆಣೆ ಇಟ್ಟರು.

ಒಳಗೆ ಅವರು ಮಗನ ಎದೆಯ ಮೇಲೆ ಬಿದ್ದರು. ಶಿಲ್ಪಾ ಹೊದಿಕೆಯ ತುದಿ ಸರಿಸಿ ಬಲಪಾದ ಮುಟ್ಟಿದಳು.

"ಮುಟ್ಟಿ ನೋಡ್ರಿ ಅತ್ತೆ. ಕಾಲು ಇನ್ನೂ ಬೆಚ್ಚಗೈತೆ."

ತಿಪ್ಪೇರುದ್ರಮ್ಮ ಆ ಪಾದವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ತಣ್ಣಗಾಗುವವರೆಗೂ ಬಿಡಲಿಲ್ಲ.