ಬೆಸುಗೆ ಓಡುವ ಹೊತ್ತು

ಮತ್ತೊಂದು ಅದಿರಿನ ಲಾರಿ ಹೋಯಿತು, ಕಿಟಕಿಯಿಂದ ಬಿದ್ದ ಬಿಸಿಲ ಕೋಲಿನಲ್ಲಿ ಕೆಂಪು ಧೂಳು ಎದ್ದು ಕುಣಿಯತೊಡಗಿತು, ಕುಬ್ರಾಬಿ ಬೆಸುಗೆಗೆ ಹಚ್ಚುವ ಬಿಳಿಗಾರದ ಬಟ್ಟಲಿನ ಮೇಲೆ ಥಟ್ಟನೆ ಅಂಗೈ ಮುಚ್ಚಿದಳು — ಬಾ, ಈಗ ಬೀಳು ನೋಡೋಣ, ಒಂದು ಸಲ ಮೋಸ ಮಾಡಿದೆ, ಇನ್ನು ನಿನ್ನ ಆಟ ನಡೆಯುವುದಿಲ್ಲ. ಈಗ ತಾನೇ ಆದದ್ದು, ಇದ್ದಿಲ ಮೇಲೆ ಲಿಂಗ ಇಡುವ ಬೆಳ್ಳಿಯ ಕರಡಿಗೆ, ಅದರ ಪಕ್ಕಕ್ಕೆ ಶಿವದಾರ ಪೋಣಿಸುವ ಕೊಂಡಿ, ಸಂದಿಗೆ ಇಟ್ಟ ಬೆಸುಗೆಯ ಚೂರು ಕರಗಿ ಬೆಳ್ಳಗೆ ಒಂದು ಗೆರೆಯಾಗಿ ಸುತ್ತ ಓಡಬೇಕು, ಓಡಲಿಲ್ಲ, ಜೋಳದ ಕಾಳಿನಂತೆ ಗುಂಡಾಗಿ ಅಲ್ಲೇ ಕೂತಿತು, ಊದುವ ತನ್ನ ಉಸಿರೇ ಸೋತಿತೇನೋ ಎಂದುಕೊಂಡಳು, ಆಮೇಲೆ ನೋಡಿದರೆ ಬಿಳಿಗಾರ ಕೆಂಪಗಾಗಿದೆ, ತಾನೇ ಬಟ್ಟಲು ಮುಚ್ಚಲು ಮರೆತದ್ದು, ಮಣ್ಣು ಬಿದ್ದಲ್ಲಿ ಬೆಳ್ಳಿ ಬೆಳ್ಳಿಯನ್ನು ಹಿಡಿಯುವುದಿಲ್ಲ, ಬಳ್ಳಾರಿಯವರಿಗೆಲ್ಲ ಈಗ ಆ ಮಣ್ಣೇ ಹೊನ್ನು, ತನಗೊಬ್ಬಳಿಗೇ ಶನಿ. ಕೊಂಡಿ ಬಿಡಿಸಿ, ಹುಣಸೆಹುಳಿಯಲ್ಲಿ ಕುದಿಸಿ, ಅಂಟುವಾಳದ ನೊರೆಯಲ್ಲಿ ತಿಕ್ಕಿ, ಹೊಸ ಬಿಳಿಗಾರ ತೇದು ಮತ್ತೆ ಕೂರಿಸಿದ್ದಾಳೆ, ಇನ್ನೊಂದು ಸಲ ಬೆಂಕಿ ತಡೆದೀತು, ಅದರಾಚೆ ಕರಡಿಗೆಯೇ ಕುಸಿದೀತು, ಕುಸಿದರೆ ಹೊರಗೆ ಕೂತ ಚನ್ನವೀರಮ್ಮನಿಗೆ ಯಾವ ಮುಖ ತೋರಿಸುವುದು, ಕುರುಗೋಡಿನಿಂದ ಬಂದ ಹಿರಿಯಳು, ಮೊಮ್ಮಗನ ಲಿಂಗಧಾರಣೆಗೆಂದು ತನ್ನ ಮದುವೆಯ ಡಾಬನ್ನೇ ಕರಗಿಸಲು ಕೊಟ್ಟವಳು, ಲಾರಿಗಳ ಧಣಿಯಾದ ಮಗ ದೊಡ್ಡಬಸವರಾಜ, ಹಳೇ ಬೆಳ್ಳಿ ಯಾಕಬೇ, ಮಷಿನ್ನಿಂದು ತರಿಸ್ತೀನಿ ಬಿಡು ಅಂದರೂ ಕೇಳಲಿಲ್ಲವಂತೆ, ನನ್ನ ನಡುವಿನ ಬೆಳ್ಳಿ ನನ್ನ ಕೂಸಿನ ಎದಿ ಮ್ಯಾಗ ಇರಬೇಕು ಅಂದಳಂತೆ. ನಡುವಿನದು, ಹೌದು, ಕಾಲಿನ ಬೆಳ್ಳಿಯನ್ನು ಕರಡಿಗೆಯ ಮೂಸೆಗೆ ಸೋಕಿಸದ ಅಂಗಡಿ ಇದು, ಮಾವನ ಕಾಲದಿಂದಲೂ, ಸಾಬರ ಕೈಕೆಲಸವೆಂದು ಯಾರೂ ಬೆರಳು ತೋರಿಸಬಾರದು, ಕಾಲುಂಗುರದ ಮೂಸೆ ಬೇರೆ, ಕರಡಿಗೆಯ ಮೂಸೆ ಬೇರೆ.

ಕೊಂಡಿ ಕಿತ್ತು ಲಿಂಗ ನೆಲಕ್ಕೆ ಬಿದ್ದರೆ ಆ ಮನೆಯವರ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ, ಅದಕ್ಕೇ ಬೆಸುಗೆ ತನ್ನ ಗಂಡ ಖಾದರಸಾಬರದೇ ಆಗಬೇಕೆಂದು ಹಲಕುಂದಿಯವರೂ ಸತ್ಯನಾರಾಯಣಪೇಟೆಯ ಈ ಸಂದಿಗೆ ಹುಡುಕಿಕೊಂಡು ಬರುತ್ತಾರೆ, ಬರಲಿ, ಆದರೆ ಗಂಡನ ಎದೆಯಲ್ಲಿ ಧೂಳು ಕೂತು ಕೆಮ್ಮು ಹತ್ತಿದಾಗಿನಿಂದ ಊದುಗೊಳವೆ ಯಾರ ಬಾಯಲ್ಲಿದೆಯೆಂದು ಯಾರಿಗೆ ಗೊತ್ತು, ಹೆಸರು ಅವರದು, ಉಸಿರು ಇವಳದು, ಸಿರುಗುಪ್ಪದ ತವರಿನಲ್ಲಿ ಹಸಿ ಜಾಲಿ ಕಟ್ಟಿಗೆ ಊದಿ ಊದಿ ಬೆಳೆದ ಉಸಿರು, ಅಮ್ಮ ಬೈಯುತ್ತಿದ್ದಳು, ಕೆನ್ನಿ ಉಬ್ಬಿಸಬ್ಯಾಡಲೇ, ಕಪ್ಪಿ ಹಂಗ ಕಾಣ್ತಿ, ಯಾರು ಲಗ್ನ ಆಗ್ತಾರ ನಿನ್ನ — ಆ ಕಪ್ಪೆ ಕೆನ್ನೆಯೇ ಇಂದು ಅಂಗಡಿ ನಡೆಸುತ್ತಿದೆ ನೋಡಮ್ಮ, ಮೂಗಿನಿಂದ ಎಳೆದುಕೊಳ್ಳುತ್ತಲೇ ಬಾಯಿಂದ ಬಿಡುವುದು, ಊದಿ ಬೆಳ್ಳಿಯತ್ತ ಬಾಗಿಸಿದ ದೀಪದ ಕುಡಿ ಒಂದು ಸಲವೂ ಅಳುಕಬಾರದು, ಎಷ್ಟು ಎದೆಗಳ ಮೇಲೆ ತನ್ನ ಬೆಸುಗೆ ತೂಗುತ್ತಿದೆಯೋ, ಸಂತೆಯಲ್ಲಿ ಯಾರದೋ ಕೊರಳಲ್ಲಿ ಶಿವದಾರ ಕಂಡರೆ ಅದು ನಂದು ಎಂದು ಕೂಗಬೇಕೆನ್ನಿಸುತ್ತದೆ, ಹೆಮ್ಮೆ ಗಂಟಲವರೆಗೆ ಬರುತ್ತದೆ, ಬಾಯಿ ಮುಚ್ಚಿಕೊಂಡು ಬದನೆಕಾಯಿ ಆರಿಸುತ್ತಾಳೆ.

ಪರದೆ ಸರಿಯಿತು, ಚನ್ನವೀರಮ್ಮ, ತಡವಾಯಿತೆಂದು ನೋಡಲು ಒಳಗೇ ಬಂದಿದ್ದಾಳೆ, ಇದ್ದಿಲ ಮುಂದೆ ಕುಬ್ರಾಬಿ, ಹಿಂದೆ ಗೋಡೆಗೊರಗಿದ ಖಾದರಸಾಬ್, ಕೈ ಖಾಲಿ, ಇದೇನೋ ಸಾಬಣ್ಣ, ಊದಾಕಿ ಇಕಿಯೇನು? — ಮುಗಿಯಿತು, ಈಗ ಇವರೊಂದು ಸುಳ್ಳು ಹೇಳುತ್ತಾರೆ, ಹೇಳಲಿ, ಅಂಗಡಿ ಉಳಿಯಬೇಕಲ್ಲ, ಗಂಡ ಕೆಮ್ಮಿದ, ಗಂಟಲು ಸರಿಮಾಡಿಕೊಂಡ, ಮದುವೆಯಾದಾಗಿನಿಂದ ಇವಳು ಕೇಳದ ದನಿಯಲ್ಲಿ ಹೇಳಿದ, ನಂದೇನೂ ಇಲ್ರಿ ಅವ್ವಾರ, ಕೊಂಡಿ ಬೆಸುಗಿ ಎಲ್ಲಾ ಇಕಿದ, ನನಗಿಂತ ಛಲೋ ಊದ್ತಾಳ. ಯಾ ಅಲ್ಲಾ, ಇವರು ಹೇಳಿಯೇಬಿಟ್ಟರು, ಚನ್ನವೀರಮ್ಮನ ಕೈ ಸೆರಗಿನೊಳಗೆ ಹೋಯಿತು, ತನ್ನ ಕೊರಳಿನ ಕರಡಿಗೆ ಹೊರಗೆ ಬಂತು, ಹೋದ ವರ್ಷ ಇದಕ್ಕೆ ಹೊಸ ಕೊಂಡಿ ಹಾಕಿಸಿದ್ದು ಇಲ್ಲೇ, ಹಂಗಾರ ಇದು? — ಕುಬ್ರಾಬಿ ತಲೆ ತಗ್ಗಿಸಲಿಲ್ಲ, ಅದೂ ನಂದರಿ ಅವ್ವಾರ. ವರ್ಷವೆಲ್ಲ ಎದೆಗೊತ್ತಿಕೊಂಡಿದ್ದ ಕೊಂಡಿಯನ್ನು ಆಕೆ ಒಮ್ಮೆ ಜಗ್ಗಿದಳು, ಮತ್ತೆ ಜೋರಾಗಿ ಜಗ್ಗಿದಳು, ಅಲುಗಲಿಲ್ಲ, ಕಣ್ಣಿಗೊತ್ತಿಕೊಂಡು ಸೆರಗಿನೊಳಗೆ ಬಿಟ್ಟಳು, ಹೊರಗೆ ಹೋಗುತ್ತಾಳೇನೋ ಅಂದರೆ ಇಲ್ಲ, ಕಿಟಕಿಗೆ ಬೆನ್ನು ಕೊಟ್ಟು, ರೇಷ್ಮೆ ಸೆರಗನ್ನು ಅಡ್ಡ ಹರವಿ ನಿಂತಳು, ಊದು ತಂಗಿ, ಧೂಳ ನಾ ತಡಿತೀನಿ.

ಬೆಳಕು ತಗ್ಗಿತು, ಒಳ್ಳೆಯದೇ ಆಯಿತು, ಬೆಳ್ಳಿ ಕೆಂಪಾಗುವುದು ಕಾಣುವುದು ಕತ್ತಲಲ್ಲೇ, ಕೆನ್ನೆ ತುಂಬಿತು, ಜ್ವಾಲೆ ಬಾಗಿತು, ಹೊರಗೆ ಇನ್ನೊಂದು ಲಾರಿ, ಈ ಅವ್ವಾರ ಮಗನದೇ ಇರಬಹುದು, ಹೋಗಲಿ, ಬಿಳಿಗಾರ ಉಬ್ಬಿ ಗಾಜಿನಂತಾಯಿತು, ಕೊಂಡಿ ಕೆಂಪೇರಿತು, ಚೂರು ನಡುಗಿತು, ಓಡು, ಓಡು ನನ್ನ ತಾಯಿ — ಬೆಳ್ಳಗೆ ಒಂದು ಗೆರೆ, ಕೊಂಡಿಯ ಸುತ್ತ, ಬೆಳ್ಳಗೆ ಒಂದು ಗೆರೆ