ಗದ್ದದ ಹಚ್ಚೆ

ಕರ್... ಕರ್... ಚಾಕುವಿನ ತುದಿ ಕಾಗದ ಕೆರೆಯುವ ಸಣ್ಣ ಸದ್ದು. ಊರೆಲ್ಲ ಮಲಗಿದ ಆ ಹೊತ್ತಿನಲ್ಲಿ ಅದು ಇಲಿ ಕಡಿದಂತೆ ಕೇಳಿಸುತ್ತಿತ್ತು. ಕೆರೆಯುತ್ತಿದ್ದವಳು ತಾನೇ ಆದರೂ ಕಸ್ತೂರಿಬಾಯಿ ಬೆಚ್ಚಿ ಬೆಚ್ಚಿ ಬಾಗಿಲ ಕಡೆ ನೋಡಿದಳು.

ಬೆಳಗಾದರೆ ಬೀದರಿನ ಹೆಣ್ಣುಮಕ್ಕಳ ಶಾಲೆಯಲ್ಲಿ ಅವಳ ಚಿತ್ರಗಳ ಪ್ರದರ್ಶನ. ಔರಾದಿನಲ್ಲಿ ಕಳೆದ ಬಾಲ್ಯವನ್ನೇ ಮಸಿಯಲ್ಲಿ ಬರೆದಿದ್ದಳು. ನೋಡಲು ಜಿಲ್ಲೆಯ ಅಧಿಕಾರಿಯಾದ ತಾಲೂಕದಾರ ಸಾಹೇಬರ ಹೆಂಡತಿ ಖುರ್ಷಿದ ಬೇಗಂ ಬರುವವರಿದ್ದರು. ಅವರು ಮೆಚ್ಚಿ ಒಂದು ಮಾತು ಆಡಿದರೆ ಅದೇ ಶಾಲೆಯಲ್ಲಿ ಚಿತ್ರ ಕಲಿಸುವ ಕೆಲಸ ಸಿಕ್ಕಂತೆಯೇ.

ಆದರೆ ಮೊರದಿಂದ ಕೂಸನ್ನು ಎತ್ತಿಕೊಂಡ ಹೆಂಗಸಿನ ಚಿತ್ರ ನೋಡಿ, ಭಾಲ್ಕಿಯಿಂದ ಬಂದಿದ್ದ ಸೋದರತ್ತೆ ಈರಮ್ಮ ಸಂಜೆ ಹಣೆ ಗಟ್ಟಿಸಿಕೊಂಡಿದ್ದಳು.

“ನಿಮ್ಮವ್ವ ಶಿವನ ಪಾದ ಸೇರ್ಯಾಳ. ಆಕಿ ಮಾರಿ ಬಿಟ್ಟು ಊರ ಹೊರಗಿನಾಕಿ ಮಾರಿ ಬರದೀದಲ್ಲ! ಆ ಗದ್ದದ ಹಚ್ಚಿ ನೋಡಿದ್ರ ಔರಾದದ ಕುರುಡರೂ ಗುರ್ತ ಹಿಡೀತಾರ. ಮಂದಿ ಕೇಳಿದ್ರ ಸುಭದ್ರಿ ಹಾಲು ಕುಡದು ಬೆಳದೀನಿ ಅಂತೀಯೇನ?”

ಕುಡಿದು ಬೆಳೆದದ್ದು ನಿಜವೇ. ಕಸ್ತೂರಿಬಾಯಿಗಿಂತ ಮೊದಲು ಹುಟ್ಟಿದ ಕೂಸುಗಳೆಲ್ಲ ಸತ್ತಿದ್ದವು. ಹೀಗಾಗಿ ಅವಳು ಹುಟ್ಟಿದಾಗ ತಾಯಿ ಗುರಮ್ಮ, ಪದ್ಧತಿಯಂತೆ, ಕೂಸನ್ನು ಮೊರದಲ್ಲಿ ಮಲಗಿಸಿ ತಿಪ್ಪೆಯ ಮೇಲೆ ಇಟ್ಟಿದ್ದಳು. ಊರ ಹೊರಗಿನ ಕೇರಿಯ ಸುಭದ್ರಾಬಾಯಿ ಬಂದು ಒಂದು ಬೊಗಸೆ ನುಚ್ಚು ಕೊಟ್ಟು ಅದನ್ನು “ಕೊಂಡು”ಕೊಂಡಿದ್ದಳು. ಮಾರಿಹೋದ ಕೂಸಿನ ಮೇಲೆ ಸಾವಿನ ಕಣ್ಣು ಬೀಳುವುದಿಲ್ಲವಂತೆ. ಮರುದಿನ ಗುರಮ್ಮ ಮಗಳನ್ನು ತಿರುಗಿ ಪಡೆದಳು. ಆದರೆ ಅವಳಿಗೆ ಹಾಲೇ ಬರಲಿಲ್ಲ. ಹಲ್ಲು ಮೂಡುವತನಕ ಸುಭದ್ರಾಬಾಯಿ ದನದ ಕೊಟ್ಟಿಗೆಯಲ್ಲಿ ಕೂತು ಯಾರಿಗೂ ಕಾಣದಂತೆ ಮೊಲೆಯುಣಿಸಿದಳು. ಕೂಸಿಗೆ ತಿಪ್ಪವ್ವ ಎಂದೇ ಹೆಸರಾಯಿತು. ಮಾತು ಬಂದ ಮೇಲೆ ಅದೂ ಮನೆಯವರಂತೆ ಅವಳನ್ನು ‘ಸುಭದ್ರಿ’ ಎಂದೇ ಕೂಗಿತು. ಹೈದರಾಬಾದಿನ ಕಾಲೇಜಿಗೆ ಹೋಗುವಾಗ ತಿಪ್ಪವ್ವ ಕಸ್ತೂರಿಬಾಯಿ ಆದಳು.

ಈಗ ಕಸ್ತೂರಿಬಾಯಿ ಚಿತ್ರದ ಹೆಂಗಸಿನ ಗದ್ದದಿಂದ ಮೂರು ಹಚ್ಚೆಯ ಚುಕ್ಕೆಗಳನ್ನು ಕೆರೆದು ತೆಗೆದಳು. ಹಣೆಗೆ ವಿಭೂತಿಯ ಮೂರು ಗೆರೆ ಎಳೆದಳು. ಸುಭದ್ರಾಬಾಯಿ ಗುರಮ್ಮಳಾದಳು.

ಮರುದಿನ ಪರದೆ ಕಟ್ಟಿದ ಟಾಂಗಾದಲ್ಲಿ ಬಂದ ಬೇಗಂ ಸಾವಕಾಶವಾಗಿ ಒಂದೊಂದೇ ಚಿತ್ರ ನೋಡುತ್ತ ಬಂದು ಮೊರದ ಚಿತ್ರದ ಮುಂದೆ ನಿಂತರು.

“ವಾಹ್! ಇದರಾಗ ಜಾನ್ ಅದ, ಜೀವ ಅದ. ಕೂಸಿನ್ನ ಎತ್ತಿಕೊಂಡ ಈ ಅಮ್ಮಾ ಯಾರು, ಬೇಟಿ?”

ಉತ್ತರಕ್ಕೆ ಬಾಯಿ ತೆರೆಯುವಾಗಲೇ ಕಸ್ತೂರಿಬಾಯಿಯ ಕಣ್ಣು ಬಾಗಿಲಿಗೆ ಹೋಯಿತು. ಹೊಸ್ತಿಲಾಚೆ, ಕೈಯಲ್ಲಿ ಒಂದು ಗಂಟು ಹಿಡಿದು ಸುಭದ್ರಾಬಾಯಿ ನಿಂತಿದ್ದಳು. ಗದ್ದದ ಚುಕ್ಕೆಗಳು ಅಲ್ಲಿಂದಲೂ ಕಾಣುತ್ತಿದ್ದವು. ಬಾ ಎಂದು ಯಾರೂ ಕರೆದಿರಲಿಲ್ಲ. ಪಕ್ಕದಲ್ಲಿ ಈರಮ್ಮ ಕೆಮ್ಮಿದಳು.

“ನಮ್ಮವ್ವರಿ,” ಎಂದಳು ಕಸ್ತೂರಿಬಾಯಿ.

ಹೊಸ್ತಿಲಾಚೆ ಸುಭದ್ರಾಬಾಯಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ಇಂಥ ಬೇಟಿ ನಮ್ಮ ಸಾಲಿಗಿ ಬೇಕು,” ಎಂದು ಬೇಗಂ ಮುಂದಿನ ಚಿತ್ರಕ್ಕೆ ನಡೆದರು. ಕೇಳಬೇಕೆಂದು ಕಾದಿದ್ದ ಮಾತು ಅದು. ಕಸ್ತೂರಿಬಾಯಿಗೆ ತಲೆ ಎತ್ತಲಾಗಲಿಲ್ಲ.

ಟಾಂಗಾ ಹೋದ ಮೇಲೆ ಹೊರಗೆ ಬಂದಳು. ಸುಭದ್ರಾಬಾಯಿ ಅಳುತ್ತಲೇ ನಗುತ್ತಿದ್ದಳು.

“ನಿನ್ನ ಚಿತ್ರ ತೋರಸ್ತಾರಂತ ಕೇಳಿದ್ದೆ. ತೊಗರಿ ಬಂಡಿ ಈ ಕಡಿ ಹೊಂಟಿತ್ತು, ಹತ್ತಿ ಬಂದೆ ತಿಪ್ಪವ್ವ. ಅಯ್ಯ, ಕಸ್ತೂರಿಬಾಯಿ ಅನ್ನಬೇಕಲ್ಲ ಈಗ! ಅಂಥಾ ದೊಡ್ಡೋರ ಮುಂದ ನನ್ನ ಅವ್ವ ಅಂದೆಲ್ಲ! ನನ್ನ ಹಣಿಗಿ ಈಬತ್ತಿ ಹಚ್ಚೀದಿ. ನಮ್ಮಂಥೋರ ಹಣಿಗಿ ಯಾರು ಹಚ್ಚತಾರವ್ವ?”

ಕಸ್ತೂರಿಬಾಯಿ ಮಸಿ ಹತ್ತಿದ ಬೆರಳುಗಳನ್ನು ಸೆರಗಿನಲ್ಲಿ ಮುಚ್ಚಿಕೊಂಡಳು.

“ಒಂದ ಮರತೀದಿ ನೋಡು, ಗದ್ದದ ಹಚ್ಚಿ. ಹಾಲು ಕುಡಿಯುವಾಗ ನೊಣ ಅಂತ ತಿಳದು ಅವನ್ನ ಹಿಡೀಲಾಕ ಬರ್ತಿದ್ದಿ, ಹುಚ್ಚಿ.”

“ಮರತೆ,” ಎಂದಳು ಕಸ್ತೂರಿಬಾಯಿ.

“ಇರಲಿ ಬಿಡು. ಹಿಡಿ, ನುಚ್ಚು ತಂದೀನಿ. ಆಗ ಕೊಟ್ಟಿದ್ದು ಕಮ್ಮಿ ಆತಂತ ನಿಮ್ಮವ್ವ ಸಾಯೂತನಕ ಚಾಷ್ಟಿ ಮಾಡ್ತಿದ್ಲು.” ಕೈಗೆ ಕೈ ತಾಕದಂತೆ, ರೂಢಿಯ ಹಾಗೆ, ಗಂಟನ್ನು ಮೇಲಿನಿಂದ ಬಿಟ್ಟಳು. ಕಸ್ತೂರಿಬಾಯಿಯೂ ಕೈ ಮೇಲೆತ್ತದೆ ಬೊಗಸೆಯೊಡ್ಡಿಯೇ ನಿಂತಿದ್ದಳು. “ಊರಾಗ ನಾ ಯಾರಿಗೂ ಹೇಳಂಗಿಲ್ಲ. ನೀ ನನ್ನ ಅವ್ವ ಅಂದಿದ್ದು ತಿಳದ್ರ ನಿಮ್ಮ ಮಂದಿ ನಿನ್ನ ಬಿಡೂದಿಲ್ಲ.”

ಸಂಜೆ ಗೋಡೆಯಿಂದ ಚಿತ್ರ ಇಳಿಸುವಾಗ ಈರಮ್ಮ ಕೇಳಿದಳು: “ಆಕಿ ಅಳಕೋತ ಹೋದ್ಲಲ್ಲ, ಏನಂದ್ಲು?”

ಕಸ್ತೂರಿಬಾಯಿ ಕೆರೆದ ಜಾಗದ ಮೇಲೆ ಬೆರಳಾಡಿಸಿದಳು. ಕಾಗದದ ಮೈ ಅಲ್ಲಿ ಎದ್ದಿತ್ತು. ಮತ್ತೆ ಮೂರು ಚುಕ್ಕೆ ಇಡಲು ಎಷ್ಟು ಹೊತ್ತು? ಆದರೆ ಯಾಕೆಂದು ಅತ್ತೆಗೆ ಹೇಳಬೇಕು, ಬೇಗಮರಿಗೆ ಹೇಳಬೇಕು. ಎಲ್ಲರಿಗಿಂತ ಮೊದಲು ಸುಭದ್ರಾಬಾಯಿಗೆ. ನಿಜ ಹೇಳಿದರೆ ಆ ಮುದುಕಿಯ ಸಂತೋಷ ಕೆಟ್ಟೀತು ಎಂದು ತನಗೆ ತಾನೇ ಹೇಳಿಕೊಳ್ಳಲು ನೋಡಿದಳು. ಅದು ನೆಪವೆಂದು ಹೇಳಿಕೊಳ್ಳುವಾಗಲೇ ಗೊತ್ತಿತ್ತು. ಆದರೂ, ಯಾರ ಮುಂದೂ ಬಾಯಿ ಬಿಡುವುದಿಲ್ಲವೆಂದು ಮನಸ್ಸು ಗಟ್ಟಿ ಮಾಡಿಕೊಂಡಳು.

“ಏನಿಲ್ಲರಿ ಅತ್ತಿ, ನುಚ್ಚು ಕೊಟ್ಟು ಹೋದ್ಲು,” ಎಂದು ಚಿತ್ರವನ್ನು ಗೋಡೆಗೆ ಮುಖ ಮಾಡಿ ಇಟ್ಟಳು.