ತಾಮ್ರದ ತಂತಿ

ಲಿಸಾಂದ್ರೊ ಮುಟ್ಟಿದ್ದೇ ತಡ, ಎಲೆ ಬುಡಸಮೇತ ಕೈಗೆ ಬಂತು. ಬುಡವೆಲ್ಲ ಕಪ್ಪು. ಪಕ್ಕದ ಗಿಡ ಮುಟ್ಟಲು ಧೈರ್ಯ ಸಾಲಲಿಲ್ಲ. ಅಷ್ಟರಲ್ಲಿ ಗೇಟು ಕಿರುಗುಟ್ಟಿತು. ವಿತಾಲಿನಾ ಬಂದೇಬಿಟ್ಟಿದ್ದಳು.

ಇಬ್ಬರೂ ಅರವತ್ತು ದಾಟಿದವರು, ಬಾಳಸಂಗಾತಿಯನ್ನು ಕಳೆದುಕೊಂಡವರು. ಅವನು ಮದುವೆಯ ಮಾತೆತ್ತಿದಾಗ ಅವಳು ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ತನ್ನ ಜಗಲಿಯಲ್ಲಿ ತೂಗುತ್ತಿದ್ದ ಗಾಳಿಗಿಡಗಳನ್ನು ತಂದು ಅವನ ಕೈಗಿಟ್ಟಿದ್ದಳು. "ಮೊದ್ಲು ಇವು ನಿನ್ ಮನೇಲಿ ಇದ್ದು ನೋಡ್ಲಿ. ಇವಕ್ಕೆ ಒಗ್ಗಿದ್ರೆ ನಂಗೂ ಒಗ್ಗುತ್ತೆ." ಮಣ್ಣು ಬೇಡ, ಕುಂಡ ಬೇಡ, ತಮ್ಮೂರು ಕೊಬಾನಿನ ಮಂಜು ಕುಡಿದೇ ಬದುಕುವ ಗಿಡ. ಇಷ್ಟು ಸುಲಭದ ಪರೀಕ್ಷೆಯಲ್ಲಿ ಯಾರಾದರೂ ಸೋಲುತ್ತಾರೆಯೇ ಎಂದುಕೊಂಡಿದ್ದ.

"ಯಾಕೋ, ದೆವ್ವ ಕಂಡೋರ ಥರ ನಿಂತಿದೀಯ?"

ಅವನು ಅಂಗೈ ಬಿಚ್ಚಿ ತೋರಿಸಿದ. "ಕೊಂದ್ಹಾಕ್ಬಿಟ್ಟೆ, ವಿತಾ. ದಿನಾ ಮಾತಾಡಿಸ್ತಿದ್ದೆ ಕಣೇ. ಈ ಮನೆ ಗಾಳಿನೇ ಸರಿಯಿಲ್ಲ. ನೀನು ಬರೋದು ಬೇಡ."

ಅವಳು ಗಿಡವಿದ್ದ ಕಟ್ಟಿಗೆಯ ತುಂಡೊಂದನ್ನು ಬೆಳಕಿಗೆ ಹಿಡಿದಳು. ಗಿಡವನ್ನು ಕಟ್ಟಿಗೆಗೆ ಬಿಗಿದಿದ್ದ ತಂತಿಯ ಸುತ್ತುಗಳು ಒಂದಕ್ಕೊಂದು ಅಂಟಿದಂತೆ ಅಚ್ಚುಕಟ್ಟಾಗಿದ್ದವು. ಆಯುಷ್ಯವೆಲ್ಲ ವಿದ್ಯುತ್ ಕಂಬ ಹತ್ತಿದವನ ಕೈಕೆಲಸ.

"ಯಾವ ತಂತಿ ಇದು?"

"ತಾಮ್ರ. ತುಕ್ಕು ಹಿಡಿಯಲ್ಲ. ನಿನ್ ಗಿಡ ಅಂತ ಉಜ್ಜಿ ಹೊಳಪು ಬರ್ಸಿ ಕಟ್ಟಿದೀನಿ."

"ಅಯ್ಯೋ ಮಂಕೇ! ತಾಮ್ರ ಇವಕ್ಕೆ ವಿಷ ಕಣೋ. ಗಾಳಿ ಏನು ಮಾಡ್ತು ಪಾಪ?"

ನಕ್ಕಳು. ನಗು ನಿಂತ ಮೇಲೆ ಸತ್ತ ಗಿಡಗಳನ್ನು ಮಡಿಲಲ್ಲಿ ಹಾಕಿಕೊಂಡು ಕೂತಳು. ಒಂದನ್ನು ಹೆಚ್ಚು ಹೊತ್ತು ಸವರಿದಳು. ಅದು ಯಾರು ತಂದುಕೊಟ್ಟದ್ದೆಂದು ಲಿಸಾಂದ್ರೊ ಕೇಳಲಿಲ್ಲ. ಆಮೇಲೆ ಅವಳೇ ಒಂದೊಂದರ ತಂತಿ ಬಿಚ್ಚುತ್ತ ಬಂದಳು. ಕೊನೆಯದರ ಪಕ್ಕದಲ್ಲಿ ಬೆರಳುದ್ದದ ಮರಿಗಿಡವೊಂದು ಇನ್ನೂ ಹಸಿರಾಗಿ, ಗಟ್ಟಿಯಾಗಿತ್ತು.

"ಇದು ಉಳಿಯುತ್ತೆ. ಕಟ್ಟಕ್ಕೆ ಮೆತ್ತಗಿರೋದು ಏನಾದ್ರೂ ಕೊಡು."

ಒಂಟಿ ಗಂಡಸಿನ ಮನೆ. ಮೊಳೆ, ಇಕ್ಕಳ, ಮತ್ತೆ ತಂತಿ.

"ಹೋಗ್ಲಿ, ಆ ಕಡೆ ತಿರುಗು."

ಅವನು ಗೋಡೆಗೆ ಮುಖ ಮಾಡಿ ನಿಂತ. ಮತ್ತೆ ಇತ್ತ ತಿರುಗಿದಾಗ ಅವಳು ಆಗಷ್ಟೇ ಬಿಚ್ಚಿದ ತನ್ನ ಹಳೇ ಉದ್ದ ಕಾಲುಚೀಲದಿಂದ ಪಟ್ಟಿಯೊಂದನ್ನು ಕತ್ತರಿಸುತ್ತಿದ್ದಳು.

"ನಕ್ರೆ ನೋಡು!"

"ನಾನೆಲ್ಲಿ ನಕ್ಕೆ?"

"ಬೆರಳಿಡು ಇಲ್ಲಿ."

ಅವನು ಮರಿಯನ್ನು ಕಟ್ಟಿಗೆಗೆ ಒತ್ತಿ ಹಿಡಿದ. ಅವಳು ಸುತ್ತಿ ಗಂಟು ಹಾಕಿದಳು.

"ತೆಗೀಲಾ?"

"ಇರು, ಇನ್ನೂ ಬಿಗಿಯಾಗಿಲ್ಲ."

ಗಂಟು ಆಗಲೇ ಬಿಗಿದಿತ್ತು. ಅವಳು ಅವನ ಬೆರಳನ್ನೂ ಸೇರಿಸಿ ಇನ್ನೊಂದು ಸುತ್ತು ನಿಧಾನವಾಗಿ ಸುತ್ತತೊಡಗಿದಳು.